ಹೊಗೆ ಮಿಷನ್ನಿನ ಎಸರು

“ಮುಚ್ಚಳ ಸುಮ್‌ಸುಮ್ನೆ ತೆಗೀಬಾರ್ದು. ಅರ್ಧ ಗಂಟೆಗೊಂದ್ಸಲ ತೆಗಿ. ತಟ್ಟೇಲಿ ನೀರು ಕಮ್ಮಿ ಆಗಿದ್ರೆ ಒಂದು ಚೊಂಬು ಬಿಸ್ನೀರು ಉಯ್ಯಿ, ಮುಚ್ಚು. ಅಷ್ಟೇಯ. ಏನು?”

“ಅರ್ಧ ಗಂಟೆ, ಒಂದು ಚೊಂಬು, ಮುಚ್ಚು,” ಎಂದು ಧನುಶ್ರೀ ನಾಲ್ಕನೇ ಸಲ ಒಪ್ಪಿಸಿದಳು. ಮಗ್ಗಿಯನ್ನು ಕೂಡ ಅವಳು ಇಷ್ಟು ಶ್ರದ್ಧೆಯಿಂದ ಒಪ್ಪಿಸಿದವಳಲ್ಲ.

ಸಂತೋಷ್ ಚಿಕ್ಕಪ್ಪನಿಗೆ ಸಮಾಧಾನವಾಯಿತು. “ಇವತ್ತು ಸರಿಯಾಗಿ ಮಾಡಿದ್ರೆ ಬೀಗರ ಊಟದ ದಿನ ನೀನೇ ನನ್ನ ಅಸಿಸ್ಟೆಂಟು. ಏಪ್ರನ್ ಹಾಕ್ಕಂಡು ಮಿಷನ್ ಹತ್ರ ನಿಂತ್ಕಬೋದು,” ಎಂದವನು ಬೈಕ್ ಹತ್ತಿ ಶ್ರೀರಂಗಪಟ್ಟಣಕ್ಕೆ ಹೊರಟ. ಪಾಂಡವಪುರದ ಹೊನ್ನಪ್ಪ ಅಲ್ಲಿಯ ಬಸ್‌ಸ್ಟ್ಯಾಂಡಿಗೆ ಬಂದಿಳಿಯುವವರಿದ್ದರು. ಅವರ ಮಗಳ ಮದುವೆ ಆಗಿತ್ತು, ಬೀಗರ ಊಟ ಬಾಕಿ ಇತ್ತು, ಅದರ ಕೋಳಿ ಚಿಕ್ಕಪ್ಪ ಮಾಡಿಕೊಡುವ ಮಾತಿತ್ತು. “ಮೊದ್ಲು ಕೋಳಿ ತಿನ್ಸು, ಆಮ್ಯಾಕೆ ಆರ್ಡ್ರು,” ಎಂದು ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು.

ಧನುಶ್ರೀ ಎದೆಯುಬ್ಬಿಸಿ ನಿಂತಳು. ಐದನೇ ಕ್ಲಾಸಿಗೆ ಬಂದರೂ ಮನೆಯಲ್ಲಿ ಯಾವ ಕೆಲಸಕ್ಕೆ ಕೈಹಾಕಿದರೂ “ನೀನು ಚಿಕ್ಕೋಳು, ಅತ್ಲಾಗ್ ಓಗು” ಎನ್ನುತ್ತಿದ್ದರು. ಈಗ ಒಂದು ಇಡೀ ಮಿಷನ್ನೇ ಅವಳ ಕೈಯಲ್ಲಿತ್ತು!

ಮಿಷನ್ನು ಅರಕೆರೆಯ ಅವರ ಮನೆಯ ಹಿತ್ತಲಲ್ಲಿ, ಕೊಟ್ಟಿಗೆಯ ಪಕ್ಕ ನಿಂತಿತ್ತು. ಚಿಕ್ಕಪ್ಪ ಅಡುಗೆ ಮಾಡುತ್ತಿದ್ದ ರೆಸಾರ್ಟು ಮುಚ್ಚಿದಾಗ ಅಲ್ಲಿಂದ ಕೊಂಡು ತಂದದ್ದು. ಡ್ರಮ್ಮಿನಂಥ ಕರಿ ಹೊಟ್ಟೆ, ಒಂದು ಚಿಮಣಿ, ಎರಡು ಗಾಲಿ. ಪಕ್ಕದ ಡಬ್ಬಿಗೆ ಮರದ ಪುಡಿ ಒತ್ತಿ ಮಾಡಿದ ಪೆಲೆಟ್ ಸುರಿದು ಸ್ವಿಚ್ ಹಾಕಿದರೆ ಸಾಕು, ಅದೇ ಸ್ವಲ್ಪಸ್ವಲ್ಪವಾಗಿ ಪೆಲೆಟ್ ನುಂಗಿ, ಬೆಂಕಿ ಮಾಡಿಕೊಂಡು, ಹೊಗೆ ಬಿಡುತ್ತಿತ್ತು. ಆ ಹೊಗೆಯಲ್ಲಿ ಕೋಳಿ ನಿಧಾನಕ್ಕೆ ಬೇಯಬೇಕು.

ಪೆಲೆಟ್ ನೋಡಲು ಥೇಟ್ ದನದ ಫೀಡಿನಂತೆ. ಮೊದಲ ದಿನವೇ ಬೆಟ್ಟಮ್ಮಜ್ಜಿ ಒಂದು ಮೊರ ತುಂಬಿ ಹಸುವಿನ ಮುಂದೆ ಇಟ್ಟಿದ್ದಳು. ಹಸು ಮೂಸಿ ನೋಡಿ, ಅಜ್ಜಿಯ ಮುಖ ನೋಡಿ, ಸಂಜೆಯವರೆಗೂ ಮುನಿಸಿಕೊಂಡಿತ್ತು.

ಧನುಶ್ರೀ ಎರಡು ಸಲ ನೀರು ಹೊಯ್ದಳು. ಮೂರನೆಯ ಸಲಕ್ಕೆ ಇನ್ನೂ ಹೊತ್ತಿದೆ ಎನ್ನುವಾಗ ಹಿತ್ತಲ ಬೇಲಿಯಾಚೆ ಗೆಳತಿ ಶ್ವೇತ ಬಂದಳು. ಅವಳ ಕೈಯಲ್ಲಿ ಹೊಸ ಗೇರ್ ಸೈಕಲ್ಲು!

“ಒಂದ್ ರೌಂಡ್ ಓಡಿಸ್ತೀಯಾ? ನಾಲೆ ತನ್ಕ ಅಷ್ಟೇ.”

ಒಂದು ರೌಂಡಿಗೆ ಎಷ್ಟು ಹೊತ್ತು ಬೇಕು? ಐದು ನಿಮಿಷ. ಧನುಶ್ರೀ ಸೀಟಿನ ಮೇಲೆ ಕೂತೂಬಿಟ್ಟಳು.

ಅಷ್ಟರಲ್ಲಿ ಅಜ್ಜಿ ಹಿತ್ತಲಿಗೆ ಬಂದಳು. “ಮಗಾ, ಅದ್ರೊಳ್ಗೆ ತಟ್ಟೇಲಿ ನೀರು ಮಡಗವ್ನಲ್ಲ ನಿಮ್ ಚಿಕ್ಕಪ್ಪ, ಅದ್ಯಾತಕ್ಕೆ?”

ಯಾತಕ್ಕೆ ಎಂದು ಧನುಶ್ರೀಗೆ ಗೊತ್ತಿತ್ತು. ಆದರೆ ಹೇಳಲು ಪುರುಸೊತ್ತು ಬೇಕಲ್ಲ! ಒಂದು ಕಾಲು ಆಗಲೇ ಪೆಡಲ್ ಮೇಲಿತ್ತು.

“ಎಸ್ರು ಕಣಜ್ಜಿ, ಎಸ್ರು! ಒಸಿ ನೋಡ್ಕಂಡಿರು, ಬಂದೆ!”

ಒಂದು ರೌಂಡು ಎರಡಾಯಿತು. ಗೇರು ಬದಲಾಯಿಸುವುದನ್ನು ಕಲಿಯಲು ಮೂರನೆಯದು ಬೇಕಾಯಿತು. ಬದಲಾಯಿಸಿದ ಗೇರು ಸಿಕ್ಕಿಕೊಂಡು ಚೈನು ಕಳಚಿದ್ದರಿಂದ ನಾಲ್ಕನೆಯದು ಸೈಕಲ್ ತಳ್ಳಿಕೊಂಡೇ ಮುಗಿಯಿತು. ಧನುಶ್ರೀ ಬೆವರೊರೆಸಿಕೊಂಡು ಹಿತ್ತಲಿಗೆ ಬಂದಾಗ ಮಿಷನ್ನಿನ ಬಾಯಿ ಅಗಲವಾಗಿ ತೆರೆದಿತ್ತು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗೆ ಕೋಲು ಹಾಕಿ, ಹಲ್ಲು ಕಚ್ಚಿ ಏನನ್ನೋ ತಿರುವುತ್ತಿದ್ದಳು.

ಧನುಶ್ರೀ ಬಗ್ಗಿ ನೋಡಿದಳು. ನೀರಿನ ತಟ್ಟೆಯಲ್ಲಿ ನೀರಿರಲಿಲ್ಲ. ರಾಗಿಮುದ್ದೆ ಇತ್ತು.

“ಅಜ್ಜೀ! ಏನಿದು?”

“ಎಂಥಾ ಸೋಮಾರಿ ಒಲೆ ಮಗಾ ಇದು! ಎಷ್ಟೊತ್ತು ಕಾದ್ರೂ ಮುದ್ದೆ ಎಸ್ರು ಮಳ್ನಿಲ್ಲ. ಆ ತಿರುಗ್ಸೋದನ್ನ ಫುಲ್ ಮಾಡ್ದೆ ನೋಡು, ಆಗ ಕೊತಕೊತ ಮಳ್ತು. ಬರೀ ಎಸ್ರು ಸುಮ್ನೆ ಮಳ್ಳಕ್ ಬುಡಬಾರ್ದು ಮನೇಲಿ, ಅದ್ಕೇ ರಾಗಿ ಇಟ್ಟು ಉಯ್ದೆ.”

“ಕೋಳಿ?”

“ಅಡ್ಡ ಬತ್ತಿದ್ದೊ. ಎತ್ತಿ ಮಂಕ್ರಿ ಕೆಳ್ಗೆ ಮಡಗಿವ್ನಿ.”

ಧನುಶ್ರೀಯ ಕಣ್ಣ ಮುಂದೆ ಏಪ್ರನ್ನು ಗಾಳಿಗೆ ಹಾರಿಹೋಯಿತು. ಏನು ಮಾಡುವುದೆಂದು ಯೋಚಿಸುವ ಮೊದಲೇ ಬೈಕಿನ ಸದ್ದು ಕೇಳಿತು. ಚಿಕ್ಕಪ್ಪ ಬಂದ. ಹಿಂದೆಯೇ, ದೊಡ್ಡ ಮೀಸೆಯ, ಅದಕ್ಕಿಂತ ದೊಡ್ಡ ಹಸಿವಿನ ಹೊನ್ನಪ್ಪ ಬಂದರು.

ಚಿಕ್ಕಪ್ಪ ಮಿಷನ್ನನ್ನು ನೋಡಿದ. ಕೋಲು ನೋಡಿದ. ತಟ್ಟೆಯಲ್ಲಿದ್ದ ಮುದ್ದೆ ನೋಡಿದ.

“ಇದ್ಯಾರು ಮಾಡಿದ್ದು?”

ಧನುಶ್ರೀ ಚೈನಿನ ಎಣ್ಣೆ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. ಅಜ್ಜಿ ಅವಳತ್ತ ಒಮ್ಮೆ ನೋಡಿದಳು. ಆಮೇಲೆ ಕಿವಿಯ ಹಿಂದೆ ಕೈ ಇಟ್ಟುಕೊಂಡಳು.

“ಆಂ? ನಾನೇ ಕಣ್ಲಾ. ಮಗ ಬ್ಯಾಡಾ ಅಂತ ಬಡ್ಕೊಂತು. ನಂಗೆಲ್ಲಿ ಕೇಳ್ತದೆ? ಕಿವಿ ಓಗ್ಬುಟ್ಟದಲ್ಲ.”

ಧನುಶ್ರೀ ಬೆರಗಾದಳು. ಅಜ್ಜಿಯ ಕಿವಿಯೇ? ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ಸರಿಸಿದರೆ ಬೀದಿಯಿಂದಲೇ “ಯಾರ್ಲಾ ಅದು?” ಎನ್ನುವ ಕಿವಿ ಅದು!

ಚಿಕ್ಕಪ್ಪ ಉಸಿರೆಳೆದುಕೊಂಡು ಕೆಲಸಕ್ಕೆ ನಿಂತ. ಮುದ್ದೆಯನ್ನು ಕೆರೆದು ತೆಗೆದು, ತಟ್ಟೆಗೆ ಹೊಸ ನೀರಿಟ್ಟು, ಉರಿ ತಗ್ಗಿಸಿ, ಕೋಳಿಗಳನ್ನು ಮತ್ತೆ ಒಳಗಿಟ್ಟ. ಕಾಯಲಾರದೆ ಹೊನ್ನಪ್ಪ ಒಂದು ತುತ್ತು ಮುದ್ದೆ ಮುರಿದು ನುಂಗಿದರು. ಮೀಸೆ ಒಂದು ಕಡೆಗೆ ವಾಲಿತು.

“ಯಪ್ಪಾ! ಒಲೆ ಒಳ್ಗೆ ಕೂತ್ಕಂಡು ಉಂಡಂಗಾಯ್ತದೆ,” ಎಂದು ನೀರು ಕುಡಿದರು. ಮುಕ್ಕಾಲು ಗಂಟೆಯ ನಂತರ ಕೋಳಿ ತಿಂದಾಗ ಮೀಸೆ ನೆಟ್ಟಗಾಯಿತು. ಇನ್ನೊಂದು ತೊಡೆ ಕೇಳಿದರು. ಮತ್ತೊಂದು ಕೇಳಿದರು. ಆರ್ಡರು ಗಟ್ಟಿಯಾಯಿತು. “ಮುದ್ದೆ ಮಾತ್ರ ನಮ್ಮೋರೇ ಮಾಡ್ಕತಾರೆ,” ಎಂದು ಸೇರಿಸಿದರು.

“ಧನು, ನೀನು ಅಸಿಸ್ಟೆಂಟು!” ಎಂದ ಚಿಕ್ಕಪ್ಪ. “ಅವ್ವಾ, ನೀನು ಮಿಷನ್‌ನಿಂದ ಹತ್ತು ಮಾರು ದೂರ!”

“ಆಂ?” ಎಂದಳು ಅಜ್ಜಿ.

“ಹತ್ತು ಮಾರು ದೂರಾ!” ಎಂದು ಚಿಕ್ಕಪ್ಪ ಕಿರುಚಿದ. ಹೊನ್ನಪ್ಪನವರೂ ಉತ್ಸಾಹದಿಂದ ಅಜ್ಜಿಯ ಕಿವಿಗೆ ಬಾಯಿಟ್ಟು, “ಊಟಾ ಆಯ್ತಾ ಅವ್ವಾ?” ಎಂದು ಕೂಗಿದರು. ಕೊಟ್ಟಿಗೆಯಲ್ಲಿ ಹಸು ಬೆಚ್ಚಿಬಿದ್ದಿತು. ಅಜ್ಜಿ, “ಆಟವಾ? ನಾನೆಲ್ಲಿ ಆಡ್ಲಿ ಈ ವಯಸ್ಸಲ್ಲಿ!” ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಧನುಶ್ರೀಯೂ ನಕ್ಕಳು.

“ಸೋಮಾರ ಮಂಡ್ಯಕ್ಕೆ ಕರ್ಕೊಂಡೋಯ್ತೀನಿ ಕಣವ್ವಾ! ಡಾಕ್ಟ್ರ ಹತ್ರ ತೋರ್ಸಿ, ಕಿವಿಗೊಂದು ಮಿಷನ್ ಆಕಿಸ್ಬುಡನಾ!” ಎಂದು ಚಿಕ್ಕಪ್ಪ ಮತ್ತೆ ಕೂಗಿದ.

ಅಜ್ಜಿ ತಲೆಯಾಡಿಸಿದಳು. ಆಯಿತು, ಹಾಕಿಸು ಎನ್ನುವಂತೆ. ಧನುಶ್ರೀಗೆ ಇನ್ನು ನಗು ಬರಲಿಲ್ಲ. ಬೇಡದ ಮಿಷನ್ನೊಂದನ್ನು ಕಿವಿಗೆ ಸಿಕ್ಕಿಸಿಕೊಂಡು ಅಜ್ಜಿ ಓಡಾಡುವುದು, ತಾನು ಏಪ್ರನ್ ಹಾಕಿಕೊಂಡು ನಿಂತಿರುವುದು, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದವು.

“ಅಜ್ಜಿ ಕಿವಿ ಚೆನ್ನಾಗವೆ!” ಎಂದುಬಿಟ್ಟಳು. “ಎಸ್ರು ಅಂತ ಹೇಳಿದ್ದು ನಾನೇ. ನೋಡ್ಕೋ ಅಂತ ಅಜ್ಜಿಗೆ ಹೇಳ್ಬುಟ್ಟು ಸೈಕಲ್ ಓಡ್ಸಕ್ಕೆ ಹೋಗಿದ್ದೆ.”

ಹೊನ್ನಪ್ಪನವರು ಮೂಳೆಯೊಂದನ್ನು ಬಹಳ ಗಮನವಿಟ್ಟು ನೋಡತೊಡಗಿದರು.

“ಅಂಗಾದ್ರೆ ಅಸಿಸ್ಟೆಂಟ್ ಕೆಲ್ಸ ಇಲ್ಲ,” ಎಂದ ಚಿಕ್ಕಪ್ಪ ಕೊನೆಗೆ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಹೊನ್ನಪ್ಪನವರನ್ನು ಕರೆದುಕೊಂಡು ಬಸ್ಸಿಗೆ ಬಿಡಲು ಹೊರಟುಹೋದ.

ಧನುಶ್ರೀ ಮೂಗೊರೆಸಿಕೊಳ್ಳುತ್ತ ಕಲ್ಲಿನ ಮೇಲೆ ಕೂತಳು. ಅಜ್ಜಿ ಬಂದು ಪಕ್ಕದಲ್ಲಿ ಕೂತಳು.

“ನಾನು ಎಷ್ಟು ಚೆನ್ನಾಗಿ ಕಿವುಡಿ ಆಗಿದ್ದೆ! ಯಾಕ್ ಮಗಾ ಕೆಡಿಸ್ದೆ?”

ಅಳುತ್ತಿದ್ದವಳಿಗೆ ಕಿಸಕ್ಕನೆ ನಗು ಬಂತು. ಅಜ್ಜಿಯೂ ನಕ್ಕಳು. ಆಮೇಲೆ ಮಿಷನ್ನಿನ ಕಡೆ ನೋಡಿ ಮೆಲ್ಲಗೆ ಕೇಳಿದಳು.

“ಅಲ್ಲಾ ಮಗಾ, ಆ ನೀರು ಯಾತಕ್ಕೆ ಅಂತ ನಂಗಿನ್ನೂ ಯಾರೂ ಹೇಳ್ನೇ ಇಲ್ವಲ್ಲ?”

ಧನುಶ್ರೀ ಅಜ್ಜಿಯ ಮುಖ ನೋಡಿದಳು. ಇಷ್ಟೊತ್ತೂ ಎಲ್ಲರೂ ಅಜ್ಜಿಯ ಕಿವಿಯಲ್ಲಿ ಕೂಗಿದ್ದರು. ಅವಳು ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಮಾತ್ರ ಯಾರೂ ಕೊಟ್ಟಿರಲಿಲ್ಲ.

ಅವಳು ಅಜ್ಜಿಯ ಕೈ ಹಿಡಿದು ಮಿಷನ್ನಿನ ಹತ್ತಿರ ಕರೆದುಕೊಂಡು ಹೋಗಿ ಮುಚ್ಚಳ ತೆಗೆದಳು. ನೀರು ಹಬೆಯಾಗಿ ಕೋಳಿ ಒಣಗದಂತೆ ಕಾಯುವುದು, ತೊಟ್ಟಿಕ್ಕುವ ಕೊಬ್ಬು ಬೆಂಕಿಗೆ ಬೀಳದೆ ತಟ್ಟೆಗೆ ಬೀಳುವುದು, ಉರಿ ಏರುಪೇರಾಗದಂತೆ ನೀರು ತಡೆಯುವುದು, ಎಲ್ಲ ತೋರಿಸಿ ಹೇಳಿದಳು. ಅಜ್ಜಿ ಹೆಜ್ಜೆಗೊಂದು ಪ್ರಶ್ನೆ ಹಾಕಿದಳು. ಚಿಮಣಿ ಯಾಕೆ, ಪೆಲೆಟ್ ಯಾವ ಮರದ್ದು, ಹಸು ತಿಂದಿದ್ದರೆ ಏನಾಗುತ್ತಿತ್ತು. ಧನುಶ್ರೀ ಒಂದಕ್ಕೂ ಅವಸರ ಮಾಡಲಿಲ್ಲ. ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದಳು, ಗೊತ್ತಿಲ್ಲದ್ದನ್ನು ಚಿಕ್ಕಪ್ಪ ಬಂದ ಮೇಲೆ ಇಬ್ಬರೂ ಕೇಳೋಣ ಎಂದಳು.