ಚೀಟಿ ಕಟ್ಟಿಕೊಂಡು ಬಂದ ಬಾಟಲಿ

ಡಾಕ್ಟರು ಕೂತುಕೊಳ್ಳುವುದನ್ನೂ ಮರೆತು, ಚೀಲದಿಂದ ಒಂದು ಬಾಟಲಿ ತೆಗೆದು ಅತ್ತಿಗೆಯ ಮೇಜಿನ ಮೇಲೆ ಕುಕ್ಕಿದರು. ಹಳೆಯ ದಿನಪತ್ರಿಕೆ ಸುತ್ತಿದ್ದ ಟಾನಿಕ್ ಬಾಟಲಿ. ಅದರ ಕುತ್ತಿಗೆಗೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು.

"ಹೊಲಿಗೆ ಅಕ್ಕನ ಬಾಗಿಲಲ್ಲಿ ಯಾರೋ ಇಟ್ಟು ಹೋಗಿದ್ದಾರೆ. ಮೊದಲು ನೋಡಿದ್ದು ಮನೆ ಓನರಮ್ಮ. ಚೀಟಿ ಓದಿದವರೇ ಮನೆ ಖಾಲಿ ಮಾಡಿ ಅಂದ್ರಂತೆ. ಅಕ್ಕ ಅವತ್ತಿಂದ ಕ್ಲಿನಿಕ್ ಕಡೆ ತಲೆ ಹಾಕಿಲ್ಲ. ಮಾತ್ರೆ ಮಧ್ಯದಲ್ಲಿ ನಿಲ್ಲಿಸಿದ್ರೆ ಕಾಯಿಲೆ ಇನ್ನೂ ಗಟ್ಟಿಯಾಗಿ ತಿರುಗಿ ಬರುತ್ತೆ ಅಮ್ಮ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಚೀಟಿಯಲ್ಲಿ 'ಹೊಲಿಗೆ ಅಕ್ಕನವರಿಗೆ' ಎಂದಿತ್ತು. ಕೆಳಗೆ ಕಾಯಿಲೆಯ ಹೆಸರಿತ್ತು. ಅದು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಚೀಟಿ ಬರೆದವರಿಗೂ ಈ ಕತೆ ಹೇಳುವವರಿಗೂ ಏನು ವ್ಯತ್ಯಾಸ ಉಳಿಯಿತು?

ಅತ್ತಿಗೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ಆಗಿದ್ದವರು. ನಿವೃತ್ತರಾದ ಮೇಲೆ ಬಡಾವಣೆಯ ಸಿಕ್ಕುಗಳನ್ನೆಲ್ಲ ಬಿಡಿಸುತ್ತಿದ್ದರು, ತಮ್ಮ ಬುದ್ಧಿಯ ಬಗ್ಗೆ ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಅವರ ಹಿಂದೆ ಬಾಲದ ಹಾಗೆ ಹೋಗುತ್ತಿದ್ದವನು ಮೈದುನ, ಫೋಟೋ ಸ್ಟುಡಿಯೋದವನು. "ನಿನಗೆ ಕಣ್ಣು, ನನಗೆ ಕಿವಿ" ಎನ್ನುವುದು ಅತ್ತಿಗೆಯ ಮಾತು. ಎಕ್ಸ್‌ಚೇಂಜಿನಲ್ಲಿ ಆ ಕಿವಿಗೆ ಬಿದ್ದ ಗುಟ್ಟುಗಳಲ್ಲಿ ಒಂದನ್ನಾದರೂ ಹೊರಡಿಸಬೇಕೆಂದು ಮೈದುನ ವರ್ಷಗಟ್ಟಲೆ ಹೆಣಗಿ ಸೋತಿದ್ದ.

"ಬೇರೆ ಯಾರಿಗಾದರೂ ಬಂದಿದೆಯಾ?" ಅತ್ತಿಗೆ ಕೇಳಿದರು.

"ಬೇಕರಿಯವರಿಗೆ ಬಂದಿದೆ. ಚೀಟಿಯಲ್ಲಿ 'ಬೇಕರಿ ಗುಂಡನಿಗೆ' ಅಂತಿತ್ತು. ನನ್ನನ್ನ ಗುಂಡ ಅನ್ನೋರು ಈಗ ಯಾರಿದ್ದಾರೆ ಅಂತ ಅವರಿಗೇ ಆಶ್ಚರ್ಯ. ಕ್ಲಿನಿಕ್ಕಿನ ಹಳೆ ರೋಗಿ ಕಾರ್ಡುಗಳನ್ನ ಕಂಪ್ಯೂಟರಿಗೆ ಹಾಕಿಸೋಕೆ ಶುರು ಮಾಡಿದ ಮೇಲೇ ಇದೆಲ್ಲ. ಪಾಸ್‌ವರ್ಡ್ ಎರಡು ಸಲ ಬದಲಾಯಿಸಿದೆ. ಟೈಪಿಸ್ಟ್ ಹುಡುಗಿನೇ ಮಾಹಿತಿ ಮಾರಿಕೊಂಡಿದ್ದಾಳೆ ಅಂತ ಕ್ಲಿನಿಕ್ ಸಮಿತಿಯವರ ವಾದ. ಅದರಲ್ಲಿರೋ ಲಾಂಡ್ರಿ ಯಜಮಾನರಂತೂ ಅವಳನ್ನ ಕೂಡಲೇ ತೆಗೀರಿ ಅಂತ ಹಟ ಹಿಡಿದಿದ್ದಾರೆ."

"ಟಾನಿಕ್ ಕಂಪನಿಯವರು ಏನಂತಾರೆ?"

"ಎಷ್ಟು ಬಾಟಲಿ ಬೇಕು ಅಂತಾರೆ. ಬೇರೆ ಬಾಯಿ ಬಿಡಲ್ಲ."

ಮೈದುನ ಅಷ್ಟರಲ್ಲಿ ಸುತ್ತಿದ್ದ ಕಾಗದ ಬಿಡಿಸಿ ಬೆಳಕಿಗೆ ಹಿಡಿದಿದ್ದ. "ಪೇಪರ್ ಹಳದಿಯಾಗಿದೆ, ತುಂಬ ಹಳೇದು. ಆದ್ರೆ ಎಲ್ಲೂ ಸುಕ್ಕಿಲ್ಲ ಅತ್ತಿಗೆ. ಪತ್ರಿಕೆಯ ನಡುಮಡಿಕೆ ಕೂಡ ಇಲ್ಲ."

ಅತ್ತಿಗೆ "ಹೂಂ" ಎಂದರು. ಅವರ "ಹೂಂ"ಗೆ ಅರ್ಥ ಹುಡುಕುವುದನ್ನು ಮೈದುನ ಎಂದೋ ಬಿಟ್ಟಿದ್ದ.

ಮೊದಲು ಹೋದದ್ದು ಹೊಲಿಗೆ ಅಕ್ಕನ ಮನೆಗೆ. ಆಕೆ ಮೆಷಿನ್ ಮುಂದೆ ಕೂತಿದ್ದರೂ ಪೆಡಲ್ ತುಳಿಯುತ್ತಿರಲಿಲ್ಲ. ಮಾತ್ರೆಯ ಮಾತೆತ್ತಿದ ಕೂಡಲೇ ಕಣ್ಣು ತುಂಬಿತು.

"ಯಾರು ಅಂತ ಗೊತ್ತಾಗೋವರೆಗೂ ನಾನು ಆ ಬಾಗಿಲು ತುಳಿಯಲ್ಲ. ಅಲ್ಲಿ ಯಾರ ಮುಖ ನೋಡಿದ್ರೂ ಇವರೇ ಇರಬಹುದಾ ಅನ್ಸುತ್ತೆ. ಸಾಯೋದಾದ್ರೆ ಮರ್ಯಾದೆಯಿಂದ ಸಾಯ್ತೀನಿ."

"ಸಾಯೋ ಮಾತು ಆಮೇಲೆ. ಯಾರು ಅಂತ ನಾನು ತೋರಿಸಿದ್ರೆ ಬರ್ತೀಯಾ?" ಎಂದರು ಅತ್ತಿಗೆ.

ಆಕೆ ಕಣ್ಣೊರೆಸಿಕೊಂಡು, ಬರ್ತೀನಿ ಎಂಬಂತೆ ತಲೆಯಾಡಿಸಿದರು.

ಕ್ಲಿನಿಕ್ಕಿನ ಕಾರ್ಡು ಕೋಣೆ ಒಲೆಯ ಹಾಗೆ ಕಾಯುತ್ತಿತ್ತು. ಬಾಗಿಲು ಭದ್ರ, ಕಿಟಕಿ ಇಲ್ಲ. ತಲೆಯ ಮೇಲಿನ ಫ್ಯಾನ್ ನಿಂತಿತ್ತು.

"ಹಾಕಿದ್ರೆ ಕಾರ್ಡೆಲ್ಲ ಹಾರಿಹೋಗುತ್ತೆ," ಎಂದಳು ಟೈಪಿಸ್ಟ್ ಹುಡುಗಿ, ಹಣೆ ಒರೆಸಿಕೊಳ್ಳುತ್ತಾ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಪಕ್ಕದಲ್ಲಿ ಕಾರ್ಡಿನ ಕಟ್ಟು ಹಿಡಿದು ಕೂತಿದ್ದವರು ನರ್ಸಮ್ಮ. ಬಡಾವಣೆಯ ಅರ್ಧ ಜನರ ಹೆರಿಗೆ ಅವರ ಕೈಯಲ್ಲೇ ಆಗಿತ್ತು.

"ಹಳೇ ಡಾಕ್ಟರ ಅಕ್ಷರ ಕೋಳಿ ಕೆದರಿದ ಹಾಗಿದೆ. ಈ ಮಗುಗೆ ಓದೋಕೆ ಬರಲ್ಲ. ನಾನು ಹೇಳ್ತೀನಿ, ಅವಳು ಟೈಪ್ ಮಾಡ್ತಾಳೆ," ಎಂದರು ನರ್ಸಮ್ಮ.

"ಕಂಪ್ಯೂಟರಲ್ಲಿ ಗುಂಡ ಅಂತ ಹುಡುಕು ನೋಡೋಣ," ಎಂದರು ಅತ್ತಿಗೆ. ಹುಡುಗಿ ಹುಡುಕಿದಳು. ಆ ಹೆಸರಿನವರು ಯಾರೂ ಇರಲಿಲ್ಲ.

ಅತ್ತಿಗೆ ತಲೆಯೆತ್ತಿ ಗೋಡೆಗಳನ್ನು ನೋಡಿದರು. ಎಡಕ್ಕೊಂದು, ಬಲಕ್ಕೊಂದು ಗಾಳಿಕಿಂಡಿ. ಎಡಗಡೆ ಆಚೆಗೆ ಔಷಧಿ ಅಂಗಡಿಯ ಗೋದಾಮು, ಬಲಗಡೆ ಆಚೆಗೆ ಲಾಂಡ್ರಿ. ಅವರು ನರ್ಸಮ್ಮನ ಕಿವಿಯಲ್ಲಿ ಏನೋ ಉಸುರಿದರು. ನರ್ಸಮ್ಮ ಮೈದುನನತ್ತ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಕೆಲವು ದಿನ ಕಳೆದ ಮೇಲೆ ಮೈದುನ ಬಾಟಲಿಯೊಂದನ್ನು ಬೀಸುತ್ತಾ ಓಡಿಬಂದ. ಚೀಟಿಯಲ್ಲಿ 'ಸ್ಟುಡಿಯೋ ಕ್ಲಿಕ್ ಮಾವನಿಗೆ, ನಿದ್ದೆಯಲ್ಲಿ ನಡೆಯುವ ಕಾಯಿಲೆಗೆ' ಎಂದಿತ್ತು.

"ಯಾರು ಕ್ಲಿಕ್ ಮಾವ? ಯಾರು ನಿದ್ದೆಯಲ್ಲಿ ನಡೀತಾರೆ? ನನ್ನ ಹೆಂಡತಿ ನಗೋದು ಇನ್ನೂ ನಿಂತಿಲ್ಲ!"

ಅತ್ತಿಗೆಯ ಮುಖ ಅರಳಿತು. "ಭೇಷ್! ನಾಳೆ ಎಲ್ಲರನ್ನೂ ಕರೆಸು."

ಮರುದಿನ ಮಧ್ಯಾಹ್ನ ಕಾರ್ಡು ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರು, ನರ್ಸಮ್ಮ, ಟೈಪಿಸ್ಟ್ ಹುಡುಗಿ, ಔಷಧಿ ಅಂಗಡಿಯವರು, ಗರಿಗರಿ ಅಂಗಿಯ ಲಾಂಡ್ರಿ ಯಜಮಾನರು. ಬಾಗಿಲ ಬಳಿ ಹೊಲಿಗೆ ಅಕ್ಕ, ಯಾವ ಕ್ಷಣಕ್ಕಾದರೂ ಹೊರಟುಬಿಡುವವರಂತೆ ನಿಂತಿದ್ದರು. ಮೈದುನ ಮಾತ್ರ ಬಲಗಡೆಯ ಕಿಂಡಿಯ ಕೆಳಗೆ ಸ್ಟೂಲ್ ಹತ್ತಿ, ಕೈಯಲ್ಲಿ ರಟ್ಟು ಹಿಡಿದಿದ್ದ. 'ನಾನು ಕೂಗಿದ ಕೂಡಲೇ ಮುಚ್ಚು, ಯಾಕೆ ಅಂತ ಕೇಳಬೇಡ' ಎಂದು ಅತ್ತಿಗೆಯ ಆಜ್ಞೆಯಾಗಿತ್ತು.

"ಎಲ್ಲರೂ ಕಂಪ್ಯೂಟರಿಗೆ ಬೀಗ ಹಾಕೋಕೆ ಓಡಿದಿರಿ," ಅತ್ತಿಗೆ ಶುರುಮಾಡಿದರು. "ಆದರೆ ಕಂಪ್ಯೂಟರಲ್ಲಿ ಗುಂಡ ಇಲ್ಲ, ಹೊಲಿಗೆ ಅಕ್ಕನೂ ಇಲ್ಲ. ಅಲ್ಲಿರೋದು ಜನರ ಪೂರ್ತಿ ಹೆಸರು. ಬೇಕರಿಯವರನ್ನ ಈಗಲೂ ಗುಂಡ ಅನ್ನೋದು ಅವರನ್ನ ಹೆರಿಗೆಯಲ್ಲಿ ಎತ್ತಿಕೊಂಡವರು ಮಾತ್ರ."

ನರ್ಸಮ್ಮ ಬಿಳುಚಿದರು. "ಅಯ್ಯೋ, ನಾನು ಯಾರಿಗೂ ಹೇಳಿಲ್ಲ!"

"ಹೇಳಿಲ್ಲ. ಓದಿದಿರಿ. 'ಇದು ನಮ್ಮ ಗುಂಡಂದು' ಅಂತ ಜೋರಾಗಿ ಓದಿದಿರಿ, ಫ್ಯಾನಿನ ಸದ್ದೂ ಇಲ್ಲದ ಕೋಣೆಯಲ್ಲಿ. ಕೇಳಿಸಿಕೊಂಡ ಕಿವಿ ಯಾವ ಗೋಡೆಯ ಆಚೆಗಿತ್ತು ಅನ್ನೋದಷ್ಟೇ ಪ್ರಶ್ನೆ."

ಎಲ್ಲರ ಕಣ್ಣೂ ಔಷಧಿ ಅಂಗಡಿಯವರ ಕಡೆ ಹೊರಳಿತು. ಟಾನಿಕ್ ಎಂದ ಮೇಲೆ ಇನ್ಯಾರು? ಅವರು ಕುರ್ಚಿಯಲ್ಲಿ ಕುಗ್ಗಿದರು.

"ಅವರಲ್ಲ," ಎಂದರು ಅತ್ತಿಗೆ. "ಒಂದು ದಿನ ಬೆಳಿಗ್ಗೆ ಲಾಂಡ್ರಿ ಕಡೆ ಕಿಂಡಿಗೆ ರಟ್ಟು ಹಾಕಿಸಿ, ಯಾಕೆ ಅಂತ ಹೇಳದೆ ನರ್ಸಮ್ಮನ ಕೈಲಿ ಸ್ಟುಡಿಯೋ ಕ್ಲಿಕ್ ಮಾವನಿಗೆ ಮೂಲವ್ಯಾಧಿ ಅಂತ ಓದಿಸಿದೆ. ಮಧ್ಯಾಹ್ನ ಔಷಧಿ ಅಂಗಡಿ ಕಡೆ ಮುಚ್ಚಿಸಿ, ಅದೇ ಕ್ಲಿಕ್ ಮಾವನಿಗೆ ನಿದ್ದೆಯಲ್ಲಿ ನಡೆಯೋ ಕಾಯಿಲೆ ಅಂತ ಓದಿಸಿದೆ. ಹೆಸರು ನಾನೇ ಕಟ್ಟಿದ್ದು. ಬಂದ ಬಾಟಲಿ ನಿದ್ದೆಯ ಕಾಯಿಲೆಗೆ. ಸದ್ಯ, ಮೈದುನನ ಮಾನ ಅಷ್ಟರಮಟ್ಟಿಗೆ ಉಳೀತು."

ಲಾಂಡ್ರಿ ಯಜಮಾನರು ನಕ್ಕರು. "ಈ ಕ್ಲಿನಿಕ್ಕಿಗೆ ಕುರ್ಚಿ ಕೊಡಿಸಿದವನು ನಾನು. ನಮ್ಮ ಗೋಡೆಗೆ ಏನು ಕೇಳಿಸುತ್ತೆ? ಅಂಗಡಿಯಲ್ಲಿ ಬರೀ ಮೆಷಿನ್ ಸದ್ದು."

"ಹಾಗಾದ್ರೆ ಈ ಪೇಪರ್? ಇಷ್ಟು ಹಳೇ ಪತ್ರಿಕೆ, ಒಂದು ಸುಕ್ಕಿಲ್ಲ, ಮಡಿಕೆ ಇಲ್ಲ. ನಮ್ಮ ಮೈದುನ ಮೊದಲ ದಿನವೇ ನೋಡಿದ. ಇಸ್ತ್ರಿ ಮೇಜಿನ ಮೇಲೆ ಹಾಸಿದ ಪೇಪರಿಗೆ ಬಿಟ್ಟು ಬೇರೆ ಯಾವುದಕ್ಕೆ ಈ ಯೋಗ?"

"ಪೇಪರ್ ಯಾರು ಬೇಕಾದ್ರೂ ತಗೊಂಡು ಹೋಗ್ತಾರೆ. ನಮಗೆ ಇಲ್ಲಿಂದ ಒಂದಕ್ಷರ ಕೇಳಿಸಲ್ಲ."

"ಸರಿ. ಎಲ್ಲರೂ ಸ್ವಲ್ಪ ಸುಮ್ಮನಿರಿ."

ಕೋಣೆ ಸ್ತಬ್ಧವಾಯಿತು. ಬಲಗಡೆಯ ಕಿಂಡಿಯಿಂದ ಹೆಂಗಸೊಬ್ಬರ ದನಿ ಸ್ಪಷ್ಟವಾಗಿ ಇಳಿದುಬಂತು. ಯಜಮಾನರು ಹೊರಗೆ ಹೋದಾಗ ಕೌಂಟರಿಗೆ ಕೂರುವ ಅವರ ಹೆಂಡತಿ ಎಂದಿನಂತೆ ತಂಗಿಗೆ ಫೋನ್ ಹಚ್ಚಿದ್ದರು: "ಯಾರಿಗೂ ಹೇಳ್ಬೇಡ ಕಣೇ. ನಮ್ಮ ಯಜಮಾನರಿಗೆ ಮತ್ತೆ..."

"ಮುಚ್ಚಿ! ಅದು ನಮ್ಮ ಮನೆ ವಿಷಯ!" ಯಜಮಾನರು ಕುರ್ಚಿ ಉರುಳಿಸಿ ಎದ್ದರು.

"ಮೈದುನಾ!"

ಮೈದುನನಿಗೆ ಆ ವಾಕ್ಯದ ಬಾಲವನ್ನು ಕೇಳುವ ಆಸೆ ಎಷ್ಟಿತ್ತೆಂದು ಅವನಿಗೇ ಗೊತ್ತು. ಆದರೂ ರಟ್ಟು ಒತ್ತಿದ. ದನಿ ನಿಂತಿತು.

"ಮುಂದಿನದು ನಮಗೆ ಬೇಡ," ಎಂದರು ಅತ್ತಿಗೆ ಮೆಲ್ಲಗೆ. "ನಿಮ್ಮ ಮನೆ ವಿಷಯ ನಿಮ್ಮದೇ. ಇವರ ವಿಷಯವೂ ಇವರದೇ ಆಗಿತ್ತು."

ಗರಿಗರಿ ಅಂಗಿ ಬೆವರಿಗೆ ಮೈಗಂಟಿತು. ಟಾನಿಕ್ ಷಡ್ಡಕನ ಕಂಪನಿಯದು, ಬಾಟಲಿಗಿಷ್ಟು ಕಮಿಷನ್. ಒಳ್ಳೆಯ ಔಷಧಿ ಎಂದೇ ನಂಬಿದ್ದೆ, ಜನಕ್ಕೆ ಉಪಕಾರವೇ ಆಗುತ್ತದೆ ಅಂದುಕೊಂಡೆ ಎಂದು ಅವರು ತೊದಲಿದರು.

ಆಗ ಹೊಲಿಗೆ ಅಕ್ಕ ಬಾಗಿಲು ಬಿಟ್ಟು ಮುಂದೆ ಬಂದರು. "ಅಣ್ಣಾ, ವರ್ಷಾ ವರ್ಷಾ ನಿಮ್ಮ ಪ್ಯಾಂಟಿನ ಸೊಂಟ ಬಿಚ್ಚಿ ದೊಡ್ಡದು ಮಾಡಿಕೊಡ್ತೀನಿ. ಒಂದು ದಿನ, ಒಬ್ಬರ ಮುಂದೆ ಆಡಿದ್ದೀನಾ?"

ಯಜಮಾನರು ತಲೆ ತಗ್ಗಿಸಿಯೇ ಮೊದಲು ಟೈಪಿಸ್ಟ್ ಹುಡುಗಿಗೆ, ಆಮೇಲೆ ಅಕ್ಕನಿಗೆ ಕೈಮುಗಿದರು. ಸಮಿತಿ ಬಿಡುತ್ತೇನೆ ಎಂದರು. ಬಿಡಲೇಬೇಕು, ಪೊಲೀಸರಿಗೂ ದೂರು ಹೋಗುತ್ತದೆ ಎಂದರು ಡಾಕ್ಟರು. ಇನ್ನು ಮೇಲೆ ಯಾವ ಕಾರ್ಡನ್ನೂ ಬಾಯಿಬಿಟ್ಟು ಓದುವಂತಿಲ್ಲ, ನರ್ಸಮ್ಮ ಬಿಡಿಸಿ ಬರೆದುಕೊಡಬೇಕು, ಹೆಸರಿನ ಬದಲು ನಂಬರ್ ಎಂದೂ ಅಲ್ಲೇ ತೀರ್ಮಾನವಾಯಿತು. ಹುಡುಗಿ ಕೆಂಪು ಮೂಗಿನಲ್ಲೇ ನಕ್ಕಳು.

ಡಾಕ್ಟರು ಹೊಲಿಗೆ ಅಕ್ಕನ ಕಡೆ ತಿರುಗಿದರು. "ಓನರಮ್ಮನ ಹತ್ತಿರ ನಾನು ಮಾತಾಡ್ಲಾ? ನೀವು ಒಪ್ಪಿದ್ರೆ ಮಾತ್ರ."

"ಮಾತಾಡಿ. ನಾನೂ ಜೊತೆಗಿರ್ತೀನಿ," ಎಂದರು ಅಕ್ಕ. ಆಮೇಲೆ ಔಷಧಿ ಕೊಡುವ ಕಿಟಕಿಯ ಮುಂದೆ ಹೋಗಿ ನಿಂತರು.

ನರ್ಸಮ್ಮ ಅಭ್ಯಾಸದಂತೆ "ಬಾ, ಹೊಲಿಗೆ..." ಎಂದವರು ನಾಲಿಗೆ ಕಚ್ಚಿಕೊಂಡು, "ನಂಬರ್ ಎಷ್ಟಮ್ಮ?" ಎಂದರು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಒಳಗೆ ನಂಬರ್ ಸಾಕು. ಬೀದಿಯಲ್ಲಿ ಸಿಕ್ಕಾಗ ಮಾತ್ರ ಅಕ್ಕ ಅಂತಲೇ ಕರೀರಿ." ಮಾತ್ರೆ ಇಸಿದುಕೊಂಡು ಅಲ್ಲೇ ಒಂದನ್ನು ಬಾಯಿಗೆ ಹಾಕಿ ನೀರು ಕುಡಿದರು. ಡಾಕ್ಟರು ಬೇರೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಮನೆಗೆ ಹೋಗುವ ದಾರಿಯಲ್ಲಿ ಮೈದುನ ತಡೆಯುವಷ್ಟು ತಡೆದ. ಕೊನೆಗೆ ಕೇಳಿಯೇಬಿಟ್ಟ. "ಅತ್ತಿಗೆ, ನಿಮ್ಮ ಕಿವಿ ಚುರುಕು. ರಟ್ಟು ಹಾಕೋ ಮುಂಚೆ ಇನ್ನೊಂದೆರಡು ಮಾತು ಕೇಳಿಸಿರಬೇಕು. ಯಜಮಾನರಿಗೆ ಮತ್ತೆ ಏನಂತೆ?"

ಅತ್ತಿಗೆ ನಡಿಗೆ ನಿಧಾನ ಮಾಡಲಿಲ್ಲ.

"ಯಾವ ಯಜಮಾನರಿಗೆ?" ಎಂದರು.