ಮಿಸ್ ಕಾಲ್ ಬಂದಿಲ್ಲ

ಆನೆ ನನ್ನ ಕಡೆ ತಿರುಗಿತು.

ಒಂಟಿ ಸಲಗ! ಮಾವಿನ ತೋಪಿನ ನಡುವೆ ನಿಂತಿತ್ತು. ಹೊತ್ತು ಮುಳುಗುತ್ತಿತ್ತು. ನನ್ನ ಜೇಬಿನಲ್ಲಿ ಫೋನು ಟಣ್ ಟಣ್ ಟಣ್ ಎಂದು ಬಡಿದುಕೊಳ್ಳುತ್ತಲೇ ಇತ್ತು. ಆಫ್ ಮಾಡಲು ಹೊತ್ತೆಲ್ಲಿತ್ತು?

ಆ ಕಡೆ ಪಂಪ್‌ಹೌಸ್ ಹತ್ತಿರ ಮುನಿರಾಮಯ್ಯ. ಎಪ್ಪತ್ತು ದಾಟಿದ ಜೀವ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಬೀಗದ ಕೈ. ಮೋಟಾರು ಹಾಕಲು ಹೊರಟಿದ್ದರು. ಮರಗಳ ಮರೆಯಲ್ಲಿ ಸಲಗ ಅವರಿಗೆ ಕಾಣುತ್ತಿರಲಿಲ್ಲ.

“ಮುನಿರಾಮಣ್ಣ! ಆನೆ! ಓಡಿ!” ಗಂಟಲು ಹರಿಯುವಂತೆ ಕಿರುಚಿದೆ.

ಅವರು ನಿಂತರು. ನನ್ನ ಕಡೆ ನೋಡಿದರು. ನಕ್ಕರು!

“ಸುಮ್ಕಿರಪ್ಪ... ಮಿಸ್ ಕಾಲ್ ಬಂದಿಲ್ಲ!”

ಆ ಮಿಸ್ ಕಾಲ್ ಬಾರದಂತೆ ಮಾಡಿದವನು ನಾನೇ. ಅದೂ ಅದೇ ದಿನ ಬೆಳಗ್ಗೆ.

ಅದನ್ನೇ ಹೇಳಲು ಬಂದಿದ್ದೇನೆ. ನಡುವೆ ಬಾಯಿ ಹಾಕಬೇಡಿ. ಒಮ್ಮೆ ನಿಲ್ಲಿಸಿದರೆ ಮತ್ತೆ ಶುರು ಮಾಡುವ ಧೈರ್ಯ ನನಗಿಲ್ಲ.

ನನ್ನ ಹೆಸರು ಅನಂತರಾಜು. ಊರು ಮಾಗಡಿ. ಕೆಲಸ, ಕಳ್ಳ ಕನೆಕ್ಷನ್ ಹಿಡಿಯುವುದು. ಕೇಬಲ್ ಟೀವಿ ಕಾಲದಲ್ಲಿ ಕಂಬ ಹತ್ತಿ ವೈರ್ ಕತ್ತರಿಸುತ್ತಿದ್ದೆ. ಎದುರು ಮಾತಾಡಿದವನ ಕಾಲರ್ ಹಿಡಿಯುತ್ತಿದ್ದೆ. ನನ್ನ ಬುಲೆಟ್ ಸದ್ದು ಕೇಳಿದರೆ ರಾಮನಗರದಿಂದ ಕನಕಪುರದವರೆಗೆ ಜನ ಟೀವಿ ಆಫ್ ಮಾಡುತ್ತಿದ್ದರು. ಅದನ್ನೇ ಮರ್ಯಾದೆ ಎಂದುಕೊಂಡಿದ್ದೆ!

ಹೋದ ವಾರ ಮನು ಕರೆಸಿದ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದರ ಮೇಲೆ ಅವನ ಆಫೀಸು. ಕೆಳಗೆ ಗೂಡು ಬೇಯಿಸುವ ವಾಸನೆ, ಮೇಲೆ ಏಸಿ. ‘ಗಜವಾರ್ತೆ’ ಆ್ಯಪ್ ಅವನದೇ. ನಿಮ್ಮ ಮನೆಯ ಫೋನಿನಲ್ಲೂ ಇರಬೇಕು. ಕಾಡಂಚಿನಲ್ಲಿ ಆನೆ ಕಂಡವರು ಅದರಲ್ಲಿ ಬಟನ್ ಒತ್ತುತ್ತಾರೆ. ಮೊದಲು ಹಾಗೆ ಒತ್ತಿದ ಕೂಡಲೇ ಸುತ್ತಲಿನ ಎಲ್ಲರ ಫೋನಿನಲ್ಲೂ ಗಂಟೆ ಬಾರಿಸುತ್ತಿತ್ತು. ಪುಕ್ಕಟೆ! ಜನ ಆ್ಯಪ್ ಹಾಕಿಸಿಕೊಂಡದ್ದೇ ಆ ಗಂಟೆಗಾಗಿ. ಒಂದು ಅಪ್‌ಡೇಟ್‌ನಲ್ಲಿ ಗಂಟೆ ಮಾಯವಾಯಿತು. ಜನ ಬಾಯಿಗೆ ಬಂದಂತೆ ಬೈದರು. ಆಮೇಲೆ ಇನ್ನೊಂದು ಅಪ್‌ಡೇಟ್ ಬಂತು: ‘ನಿಮ್ಮ ಮೆಚ್ಚಿನ ಗಂಟೆ ಮತ್ತೆ ಬಂದಿದೆ!’

ಬಂದದ್ದು ದುಡ್ಡು ಕಟ್ಟಿದ ಗೋಲ್ಡ್ ಮೆಂಬರ್‌ಗಳಿಗೆ. ಉಳಿದವರಿಗೆ ಅರ್ಧ ಗಂಟೆ ತಡವಾಗಿ ಒಂದು ಮೆಸೇಜು: ‘ನಿಮ್ಮ ಬಳಿ ಆನೆ ಬಂದಿತ್ತು.’

“ರಾಜಣ್ಣ, ರೆಸಾರ್ಟಿನವರು, ಫಾರ್ಮ್‌ಹೌಸಿನವರು ಎಲ್ಲ ಗೋಲ್ಡ್ ತಗೊಂಡ್ರು,” ಎಂದ ಮನು. “ಕೋಡಿಹಳ್ಳಿ ಕಡೆ ಹಳ್ಳಿಯವರು ಮಾತ್ರ ಒಬ್ಬರೂ ತಗೊಂಡಿಲ್ಲ. ಬೈಯೋದೂ ನಿಲ್ಲಿಸಿಬಿಟ್ಟಿದ್ದಾರೆ!”

“ಒಳ್ಳೇದೇ ಆಯ್ತಲ್ಲ?”

“ಏನ್ ಒಳ್ಳೇದು? ಕಂಪ್ಲೇಂಟ್ ನಿಂತಿದೆ ಅಂದ್ರೆ ಕಳ್ಳತನ ನಡೀತಿದೆ! ಯಾರೋ ಒಬ್ಬ ಗೋಲ್ಡ್ ತಗೊಂಡು ಎಲ್ಲರಿಗೂ ಹಂಚ್ತಿದ್ದಾನೆ. ಹೇಗೆ ಅಂತ ಗೊತ್ತಾಗ್ತಿಲ್ಲ. ಮೆಸೇಜ್ ಇಲ್ಲ, ಗ್ರೂಪ್ ಇಲ್ಲ...”

“ಸಿಕ್ಕಿದ್ರೆ ಬ್ಲಾಕ್ ಮಾಡ್ತೀರಾ?”

“ಬ್ಲಾಕ್ ಮಾಡಿದ್ರೆ ಫೇಸ್‌ಬುಕ್ಕಲ್ಲಿ ಅಳ್ತಾರೆ. ಕಂಪನಿಗೆ ಕೆಟ್ಟ ಹೆಸರು. ಅವರಾಗೇ ಬಿಡಬೇಕು. ಅದಕ್ಕೇ ನೀವು ಬೇಕಾಗಿರೋದು.”

ಅರ್ಥವಾಯಿತು. ಹೆದರಿಸಬೇಕು. ಅದು ನನಗೆ ನೀರು ಕುಡಿದಷ್ಟು ಸಲೀಸು!

ಕೆಲಸಕ್ಕೆಂದು ನನ್ನ ಫೋನಿಗೂ ಗೋಲ್ಡ್ ಹಾಕಿಸಿಕೊಟ್ಟ. ಮಾವಿನ ವ್ಯಾಪಾರಿ ಎಂದು ಸುಳ್ಳು ಹೇಳಿಕೊಂಡು ಕೋಡಿಹಳ್ಳಿ ಕಡೆಗೆ ಹೋದೆ. ಮೊದಲು ಸಿಕ್ಕವರೇ ಮುನಿರಾಮಯ್ಯ. ಜಗಲಿಯ ಮೇಲೆ ಚಾಪೆ ಹಾಸಿದರು. ಅವರ ಹೆಂಡತಿ ದೊಡ್ಡಲಕ್ಷ್ಮಮ್ಮ ಚೊಂಬಿನ ತುಂಬಾ ಮಜ್ಜಿಗೆ ತಂದರು. ಉಪ್ಪು, ಕೊತ್ತಂಬರಿ ಸೊಪ್ಪು ಹಾಕಿದ ಮಜ್ಜಿಗೆ. ಇನ್ನೊಂದು ಚೊಂಬು ಕೇಳಿ ಕುಡಿದೆ.

ಆಗ ಮುನಿರಾಮಯ್ಯನವರ ಬಟನ್ ಫೋನು ಒಂದು ಸಲ ಬಡಿದು ನಿಂತಿತು. ಅವರು ಎತ್ತಲೇ ಇಲ್ಲ. ಎದ್ದವರೇ ಬೀದಿಗೆ ಕೂಗು ಹಾಕಿದರು. “ಲೇ... ಮೇಕೆ ಒಳೀಕ್ ಕಟ್ರಲಾ! ಕಾಡಂಚಿಗ್ ಬಂದೈತೆ!”

“ಫೋನ್ ಎತ್ತಲಿಲ್ಲವಲ್ಲ ಯಜಮಾನ್ರೆ?” ಎಂದೆ.

“ಎತ್ತಬಾರ್ದು ಕಣಪ್ಪ. ಎತ್ತುದ್ರೆ ಅವ್ರ ಕಾಸು ಹೋಯ್ತದೆ, ಇನ್ನೊಬ್ರಿಗೆ ಕೊಡಾಕೆ ತಡ ಆಯ್ತದೆ. ಒಂದ್ ಕಿತ ಬಂದ್ರೆ ಕಾಡಂಚು. ಎಲ್ಡ್ ಕಿತ ಬಂದ್ರೆ ತೋಟದೊಳ್ಗೆ.”

“ಬರದೇ ಹೋದರೆ?”

“ಬರ್ದೇ ಓದ್ರೆ ಆನೆ ಇಲ್ಲ ಅಂತ! ಆರಾಮಾಗಿ ಓಗಿ ಮೋಟ್ರು ಆಕ್ಬೋದು.”

ಮಿಸ್ ಕಾಲ್! ಆ್ಯಪ್ ಕಂಪನಿಯ ಕಂಪ್ಯೂಟರ್‌ಗಳಿಗೆ ಸಿಗದ ಸೋರಿಕೆ ಇದೇ. ನಿಮಗೆಲ್ಲ ಗೊತ್ತಿರುವ ವಿಷಯ. ಹಿಡಿದೆ ಎಂದು ಬೀಗಿದವನು ನಾನು. ಅವರು ಬೀದಿ ಕಡೆ ಹೋದಾಗ ಫೋನು ಎತ್ತಿ ನೋಡಿದೆ. ಹೆಸರು, ಅಸ್ಗರ್. ನಂಬರ್ ಬಾಯಿಪಾಠ ಮಾಡಿಕೊಂಡೆ. ಚೊಂಬು ಕೆಳಗಿಟ್ಟು, ಕೈ ಮುಗಿದು ಹೊರಟೆ.

ನಂಬರಿನ ಜಾಡು ಚನ್ನಪಟ್ಟಣಕ್ಕೆ ಹೋಯಿತು. ಬೆಳಗ್ಗೆಯೇ ಹೋಗಿ ಬಾಗಿಲು ತಟ್ಟಿದೆ. ಬೊಂಬೆ ಮಾಡುವ ಮನೆ. ಮೋಟಾರು ತಿರುಗುತ್ತಿತ್ತು. ಒಬ್ಬ ಹೆಂಗಸು ತಿರುಗುವ ಮರದ ತುಂಡಿಗೆ ಕೆಂಪು ಅರಗಿನ ಕಡ್ಡಿ ಹಿಡಿದು ಬಣ್ಣ ಹಾಕುತ್ತಿದ್ದರು. ಕಿಟಕಿಯಲ್ಲಿ ಫೋನು.

“ಅಸ್ಗರ್ ಎಲ್ಲಿ?”

ಆಕೆ ಮೋಟಾರು ನಿಲ್ಲಿಸಿದರು. “ನಾನು ತಾಹೇರಾ. ಅವ್ರ ಹೆಂಡ್ತಿ. ಅವ್ರು ಇಲ್ಲ ಸಾರ್.”

“ಯಾವಾಗ ಬರ್ತಾನೆ?”

“ಬರಲ್ಲ. ತೀರ್ಕೊಂಡ್ರು.”

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಂಪನಿ, ಕೇಸು, ಪೊಲೀಸು, ಜೈಲು... ಬಾಯಿಗೆ ಬಂದದ್ದೆಲ್ಲ ಹೇಳಿ ಹೆದರಿಸಿದೆ.

“ತಪ್ಪು ಏನ್ ಸಾರ್ ಮಾಡಿದ್ದು?” ಎಂದರು ಆಕೆ. “ನಮ್ಮೋರು ಆ ಕಡೆ ಮಾವಿನ್ ತೋಟ ಗುತ್ತಿಗೆ ಹಿಡೀತಿದ್ರು. ತೋಟ ಸುತ್ತೋವಾಗ ಆನೆ ಕಂಡ್ರೆ ಎಲ್ಲಾರ್ಗೂ ಮಿಸ್ ಕಾಲ್ ಕೊಡೋರು. ಒಂದಿನ ಆನೇನೇ ಅವ್ರನ್ನ... ಅವ್ರಿಗೆ ಮಿಸ್ ಕಾಲ್ ಕೊಡೋರು ಯಾರೂ ಇರ್ಲಿಲ್ಲ ಸಾರ್. ಅದಕ್ಕೇ ಅವ್ರ ಸಿಮ್ ನಾನು ಇಟ್ಕೊಂಡೆ. ಗೋಲ್ಡ್‌ಗೆ ದುಡ್ಡು ಕಟ್ಟಿ, ಆ ಕಡೆ ಊರೇ ಹಾಕಿಟ್ಟಿದ್ದೀನಿ. ಗಂಟೆ ಬಾರಿಸ್ದಾಗ ಇಲ್ಲಿಂದ್ಲೇ ಕೊಡ್ತೀನಿ.”

ಅಷ್ಟರಲ್ಲಿ ಒಳಗಿಂದ ಒಬ್ಬ ಬಂದ. ಆಕೆಯ ತಮ್ಮ ಆಫ್ತಾಬ್. ಗಟ್ಟಿ ಆಳು. ನೇರ ನನ್ನ ಕಾಲರಿಗೇ ಕೈ ಹಾಕಿದ.

“ಯಾವನ್ಲಾ ನೀನು? ಅಕ್ಕನ್ ಮೇಲೆ ಜೋರ್ ಮಾಡ್ತೀಯಾ?”

ನನ್ನ ಕಾಲರ್ ಹಿಡಿಯುವುದೆಂದರೇನು! ಪಿತ್ತ ನೆತ್ತಿಗೇರಿತು. ಅವನನ್ನು ಗೋಡೆಗೆ ನೂಕಿದೆ. ಕಿಟಕಿಯ ಫೋನು ಕಿತ್ತುಕೊಂಡೆ. ಹಿಂದಿನ ಮುಚ್ಚಳ ತೆಗೆದೆ. ಸಿಮ್ ಹೊರಗೆ ಎಳೆದೆ.

“ಬ್ಯಾಡ ಸಾರ್! ಅದೊಂದ್ ಬ್ಯಾಡ!” ತಾಹೇರಾ ಕೈ ಜೋಡಿಸಿದರು.

ಎರಡು ಬೆರಳ ನಡುವೆ ಮಡಚಿದೆ. ಟಕ್!

ಓಡಿ ಬಂದು, ಚೂರು ಚರಂಡಿಗೆ ಎಸೆದು ಬುಲೆಟ್ ಹತ್ತಿದೆ. ಆಫ್ತಾಬ್ ಲಗೇಜ್ ಆಟೋ ಎತ್ತಿಕೊಂಡು ಬೆನ್ನು ಹತ್ತಿದ. ಗಲ್ಲಿ, ಚರಂಡಿ, ಕೋಳಿ ಅಂಗಡಿ... ಎರಡು ಸಲ ಗುದ್ದುವ ಹಾಗೆ ಬಂದ. ಸಾತನೂರು ರಸ್ತೆಗೆ ಬಿದ್ದ ಮೇಲೆ ಬುಲೆಟ್‌ಗೆ ಆಟೋ ಯಾವ ಲೆಕ್ಕ? ಕನ್ನಡಿಯಲ್ಲಿ ಅವನು ಚಿಕ್ಕವನಾಗುತ್ತಾ ಹೋದ. ನಾನು ನಗುತ್ತಾ ಹೋದೆ. ಹೌದು, ನಕ್ಕೆ. ಅದನ್ನೂ ಮುಚ್ಚಿಡುವುದಿಲ್ಲ.

ಮನುವಿಗೆ ಫೋನ್ ಮಾಡಿದೆ.

“ಸೂಪರ್ ರಾಜಣ್ಣ! ಹಾಗೇ ಕೋಡಿಹಳ್ಳಿಗೆ ಹೋಗಿ ನೋಡಿ. ಮಿಸ್ ಕಾಲ್ ನಿಂತಿದೆ ಅಂತ ಖಚಿತ ಆಗ್ಲಿ.”

ಖಚಿತವಾಯಿತು! ಸಂಜೆ ಟೀ ಅಂಗಡಿಯಲ್ಲಿ ಕೂತಿದ್ದೆ. ಟಣ್ ಟಣ್ ಟಣ್! ನನ್ನ ಜೇಬಿನಿಂದ ಗೋಲ್ಡ್ ಗಂಟೆ. ಪಕ್ಕದವರೆಲ್ಲ ತಿರುಗಿ ನೋಡಿದರು. ಯಾರ ಫೋನೂ ಮಿಸುಕಲಿಲ್ಲ.

“ಏನ್ಲಾ ಇವ್ನು, ಗುಡಿ ಗಂಟೇನ ಫೋನ್ಗೆ ಕಟ್ಕಂಡವ್ನೆ!” ಎಂದು ಒಬ್ಬ ನಕ್ಕ.

ಸ್ಕ್ರೀನ್ ನೋಡಿದೆ. ಕೆಂಪು ಚುಕ್ಕೆ. ಮುನಿರಾಮಯ್ಯನವರ ತೋಪಿನ ಮೇಲೇ ಕೂತಿತ್ತು...

ಮನುವಿಗೆ ಫೋನ್.

“ಎಲ್ಲರಿಗೂ ಗಂಟೆ ಬಾರಿಸು! ಈಗಲೇ!”

“ಸಿಸ್ಟಮ್ ಹಾಗಿಲ್ಲ ರಾಜಣ್ಣ. ಅವರಿಗೆ ಅರ್ಧ ಗಂಟೆಗೆ ಮೆಸೇಜ್ ಹೋಗತ್ತೆ.”

“ಅಲ್ಲಿ ಒಬ್ಬ ಮುದುಕ ಇದ್ದಾನೆ ಕಣೋ!”

“ಗೋಲ್ಡ್ ತಗೋಬೇಕಿತ್ತು.”

ಕತ್ತರಿಸಿದ. ವ್ಯಾಪಾರದ ನೆಪದಲ್ಲಿ ಕೇಳಿ ಪಡೆದಿದ್ದ ಮುನಿರಾಮಯ್ಯನವರ ನಂಬರಿಗೆ ಮಾಡಿದೆ. ಎತ್ತಿದರು. ಬಾಯಿ ತೆರೆಯುವ ಮೊದಲೇ, “ಲೋನ್ ಬ್ಯಾಡ ಕಣಪ್ಪ, ಫೋನ್ ಇಕ್ಕು!” ಕಟ್! ಮತ್ತೆ ಮಾಡಿದೆ. ಎತ್ತಲಿಲ್ಲ. ನನ್ನ ನಂಬರ್ ಯಾರಿಗೆ ಗೊತ್ತು? ಗೊತ್ತಿದ್ದ ನಂಬರ್ ಮುರಿದು ಚರಂಡಿಗೆ ಎಸೆದವನು ನಾನು.

ಬುಲೆಟ್ ಒದ್ದೆ. ಕಲ್ಲು, ಗುಂಡಿ, ಬೇಲಿ ಯಾವುದೂ ನೋಡಲಿಲ್ಲ. ತೋಪಿನ ಬಾಯಲ್ಲಿ ಬೈಕ್ ಬೀಳಿಸಿ ಓಡಿದೆ. ಸಲಗ ಕಂಡಿತು. ಕಿರುಚಿದೆ. ಅವರು ನಕ್ಕರು... ಅಲ್ಲಿಯವರೆಗೆ ಹೇಳಿದೆನಲ್ಲ?

ಮುಂದೆ ಕೇಳಿ. ಗಂಟೆ ಬಡಿಯುತ್ತಲೇ ಇತ್ತು. ಸಲಗ ಕಿವಿ ಅಗಲಿಸಿತು. ಆ ಸದ್ದು ಅದಕ್ಕೆ ಸರಿಬರಲಿಲ್ಲ. ನನ್ನ ಮೇಲೆ ನುಗ್ಗಿತು! ಆ ಕ್ಷಣ ನನ್ನ ತಲೆಯಲ್ಲಿ ಮುನಿರಾಮಯ್ಯ ಇರಲಿಲ್ಲ. ನನ್ನ ಜೀವವೊಂದೇ ಇತ್ತು. ಫೋನನ್ನು ಜೇಬಿನಿಂದ ಕಿತ್ತು ದೂರ ಎಸೆದೆ. ಎಲ್ಲಿಗೆ ಎಂದು ನೋಡಲಿಲ್ಲ.

ಅದು ಪಂಪ್‌ಹೌಸ್ ಮುಂದೆ ಬಿತ್ತು.

ಟಣ್ ಟಣ್ ಟಣ್!

ಸಲಗ ತಿರುಗಿತು. ಸದ್ದಿನ ಬೆನ್ನು ಹತ್ತಿತು. ಆಗ ಮುನಿರಾಮಯ್ಯ ಅದನ್ನು ಕಂಡರು. ಪಂಪ್‌ಹೌಸ್ ಒಳಗೆ ಓಡಿದರು. ಸಲಗ ಗೋಡೆಗೆ ಹಣೆ ಕೊಟ್ಟಿತು. ಹಳೆಯ ಮಣ್ಣಿನ ಗೋಡೆ ಒಳಕ್ಕೆ ಕುಸಿಯಿತು... ಒಂದು ಕೂಗು. ಆಮೇಲೆ ಸಲಗ ನನ್ನ ಫೋನಿನ ಮೇಲೆ ಕಾಲಿಟ್ಟಿತು. ಗಂಟೆ ನಿಂತಿತು. ಏನೂ ಆಗದ ಹಾಗೆ ಕಾಡಿನ ಕಡೆ ನಡೆದುಹೋಯಿತು.

ಮಣ್ಣು ಬಗೆದೆ. ಜೀವ ಇತ್ತು. ಬಲಗಾಲು ಮಾತ್ರ ನಜ್ಜುಗುಜ್ಜಾಗಿತ್ತು.

ಕನಕಪುರದ ಆಸ್ಪತ್ರೆ. ಮಂಚದ ಪಕ್ಕ ದೊಡ್ಡಲಕ್ಷ್ಮಮ್ಮ. ನನ್ನ ಎರಡೂ ಕೈ ಹಿಡಿದುಕೊಂಡರು.

“ನೀನ್ ದೇವ್ರಂಗ್ ಬಂದೆ ಕಣಪ್ಪ. ಇಲ್ದಿದ್ರೆ ನಮ್ ಯಜಮಾನ್ರು ಉಳೀತಿರ್ನಿಲ್ಲ.” ಕಣ್ಣೊರೆಸಿಕೊಂಡರು. “ಆ ಅಸ್ಗರ್ ಎಂಡ್ರು... ಒಂದ್ ಮಿಸ್ ಕಾಲ್ ಕೊಡ್ನಿಲ್ಲ ನೋಡು. ನಮ್ಮುನ್ನ ಮರ್ತ್ಬುಟ್ಲು. ಅವಳ್ ಕೈಗೆ ಉಳ ಬೀಳ!”

ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ನಾನು ದೇವರು, ತಾಹೇರಾ ದ್ರೋಹಿ. ಪಾಪಿ ಮನಸ್ಸು ಹಾಗೇ ಇರಲಿ ಎಂದಿತು. ಸ್ವಲ್ಪ ಹೊತ್ತು ಆ ಮನಸ್ಸಿನ ಮಾತು ಕೇಳಿದೆ ಕೂಡ. ಆಮೇಲೆ ಆಗಲಿಲ್ಲ.

“ಆಯಮ್ಮ ಮರೆತಿಲ್ಲ ತಾಯಿ. ಸಿಮ್ ಮುರಿದವನು ನಾನು. ನಿಮ್ಮ ಮನೆಯಲ್ಲೇ ನಂಬರ್ ಕದ್ದೆ.”

ಎಲ್ಲ ಹೇಳಿದೆ. ಫೋನ್ ಎಸೆದದ್ದನ್ನೂ ಹೇಳಿದೆ. ಅವರು ಕೈ ಬಿಟ್ಟರು. ಸೆರಗಿಗೆ ಕೈ ಒರೆಸಿಕೊಂಡರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ.

“ನಮ್ಮನೇಲಿ ಮಜ್ಜಿಗೆ ಕುಡ್ದಿದ್ಯಲ್ಲಪ್ಪ...” ಎಂದರು. ಅಷ್ಟೇ.

ಒಂದು ಏಟು ಬಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಚನ್ನಪಟ್ಟಣಕ್ಕೆ ಹೋದೆ. ಆಫ್ತಾಬ್ ಎರಡು ಬಿಟ್ಟ. ತೆಗೆದುಕೊಂಡೆ. ಹೊಸ ಸಿಮ್, ಅದೇ ನಂಬರ್, ನಾನೇ ಮಾಡಿಸಿಕೊಡುತ್ತೇನೆ ಎಂದೆ ತಾಹೇರಾಗೆ.

“ಆಗಲ್ಲ. ಸಿಮ್ ಅವ್ರ ಹೆಸ್ರಲ್ಲಿತ್ತು. ಅವ್ರೇ ಬಂದು ಬೆರಳು ಒತ್ಬೇಕಂತೆ,” ಎಂದರು ಆಕೆ. ದನಿ ಏರಲಿಲ್ಲ. “ನನ್ ಹೆಸ್ರಲ್ಲಿ ಬೇರೆ ನಂಬರ್ ತಗೊಂಡೆ. ಹೊಸಾ ನಂಬರಿಂದ ಕೊಟ್ರೆ ಯಾರು ನಂಬ್ತಾರೆ? ಒಂದೊಂದ್ ಮನೆಗೂ ಹೋಗಿ ಹೇಳ್ಬೇಕು. ಹಳೇದು ಯಾಕ್ ಹೋಯ್ತು ಅಂತಾನೂ ಹೇಳ್ಬೇಕು.”

“ಯಾರು ಹೇಳೋದು?”

“ಮುರ್ದೋರು.”

ಮನು ನನಗೆ ಕೂಲಿ ಕಳಿಸಿದ್ದ. ‘ಕ್ಲೀನ್ ಕೆಲಸ’ ಎಂದು ಮೆಚ್ಚಿಕೊಂಡಿದ್ದ ಬೇರೆ! ಆ ದುಡ್ಡಿನಲ್ಲೇ ತಾಹೇರಾ ಅವರ ಹೊಸ ನಂಬರಿಗೆ ಗೋಲ್ಡ್ ಹಾಕಿಸಿದೆ. ಅಂದಿನಿಂದ ಈ ಹಳ್ಳಿಗಳಲ್ಲಿ ಬಾಗಿಲು ತಟ್ಟುತ್ತಿದ್ದೇನೆ. ಒಬ್ಬರು ಕಲಗಚ್ಚು ಎರಚಿದರು. ಒಬ್ಬರು ನಾಯಿ ಬಿಟ್ಟರು. ಒಬ್ಬ ಅಜ್ಜಿ ಪೂರ್ತಿ ಕೇಳಿ ನನ್ನ ಮುಖಕ್ಕೇ ಉಗಿದರು. ಒರೆಸಿಕೊಂಡು ಮುಂದಿನ ಮನೆಗೆ ನಡೆದೆ. ಹೊರಗೆ ನನ್ನ ಬುಲೆಟ್ ಮೇಲೆ ಕೂತಿದ್ದಾನಲ್ಲ, ಅವನೇ ಆಫ್ತಾಬ್. ನಾನು ಅರ್ಧ ಹೇಳಿ ಅರ್ಧ ನುಂಗುತ್ತೇನೇನೋ ಎಂದು ಕಾವಲಿಗೆ ಬಂದಿದ್ದಾನೆ.

ನುಂಗಿಲ್ಲ. ಎಲ್ಲ ಹೇಳಿದ್ದೇನೆ ಅಮ್ಮ. ಈಗ ನಿಮ್ಮ ಫೋನು ತನ್ನಿ. ಹೆಸರು ತಾಹೇರಾ ಎಂದು ಹಾಕಿ, ನಂಬರ್ ಹೇಳುತ್ತೇನೆ, ಮೊದಲು ಸೇವ್ ಮಾಡಿಕೊಳ್ಳಿ.

ಪೊರಕೆ ಆಮೇಲೆ ಎತ್ತಿಕೊಳ್ಳಿ.