ಹದಿನಾಲ್ಕನೇ ಸೀಸೆ

ಮಂಗಳವಾರದ ಸೂಜಿ ಚುಚ್ಚಿಸಿಕೊಂಡರೆ ಅವನ ಹೆಂಡತಿ ಎರಡು ದಿನ ತಲೆ ಎತ್ತುತ್ತಿರಲಿಲ್ಲ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆರು ವಾರದಲ್ಲಿ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು. ಆ ಕೋಣೆಯಲ್ಲಿದ್ದದ್ದು ಎರಡೇ ಮಂಚ. ಇನ್ನೊಂದರಲ್ಲಿ ಲೆಕ್ಕದ ಟೀಚರಮ್ಮ. ಅದೇ ಕಾಯಿಲೆ, ಹೆಚ್ಚುಕಡಿಮೆ ಅದೇ ವಯಸ್ಸು. ಅವರು ಮಾತ್ರ ಸೂಜಿ ತೆಗೆದ ಕೂಡಲೇ ಎದ್ದು ಕೂತು ತಟ್ಟೆ ಖಾಲಿ ಮಾಡುತ್ತಿದ್ದರು.

"ಬುಸ್ಸಣ್ಣ, ನಿಮ್ಮ ಹಾವುಗಳು ನನ್ನ ಕೈ ಬಿಡಲಿಲ್ಲ ನೋಡಿ," ಎಂದು ನಗುತ್ತಿದ್ದರು.

ಆ ನಗು ಅವನೊಳಗೆ ಮುಳ್ಳಿನಂತೆ ಮುರಿದು ಕೂತಿತು.

ಬುಸ್ಸಣ್ಣ ಎಂಬುದು ಸಂಶೋಧನಾಲಯದವರು ಇಟ್ಟ ಅಡ್ಡಹೆಸರು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಹಾವುಗಳ ವಿಷ ತೆಗೆಯುತ್ತಿದ್ದವನು ಅವನು. ತಲೆಯ ಹಿಂದೆ ಎರಡು ಬೆರಳಿಟ್ಟು ಹಿಡಿದು, ಗಾಜಿನ ಲೋಟದ ಬಾಯಿಗೆ ಬಿಗಿದ ರಬ್ಬರ್ ಹಾಳೆಯನ್ನು ಕಚ್ಚಿಸಿದರೆ ಜೇನಿನ ಬಣ್ಣದ ಹನಿ ಇಳಿಯುತ್ತಿತ್ತು. ಅದರಿಂದ ಒಂದು ಅಂಶವನ್ನು ಬೇರ್ಪಡಿಸಿ ಕ್ಯಾನ್ಸರ್ ಗಡ್ಡೆಗೆ ಔಷಧ ಮಾಡಿದ್ದರು. ಎದುರಿನ ಆಸ್ಪತ್ರೆಯಲ್ಲಿ ಇಪ್ಪತ್ತು ರೋಗಿಗಳ ಮೇಲೆ ಪರೀಕ್ಷೆ ನಡೆಯುತ್ತಿತ್ತು. ಹತ್ತು ಜನಕ್ಕೆ ಔಷಧ, ಹತ್ತು ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂಬ ಪಟ್ಟಿ ಮೊಹರು ಹಾಕಿದ ಲಕೋಟೆಯಲ್ಲಿತ್ತು.

ಪರೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮನ ಕಾಲು ಹಿಡಿಯುವುದೊಂದು ಅವನಿಗೆ ಬಾಕಿ.

"ಅವಳಿಗೆ ನಿಜವಾದ್ದನ್ನೇ ಕೊಡಿ ಅಮ್ಮಾ. ಆ ವಿಷ ತೆಗೆದವನೇ ನಾನು."

"ಯಾರಿಗೆ ಏನು ಹೋಗ್ತಿದೆ ಅಂತ ನನಗೂ ಗೊತ್ತಿಲ್ಲಣ್ಣ. ಹನ್ನೆರಡು ವಾರ ಮುಗೀಲಿ, ಆಮೇಲೇ ಲಕೋಟೆ ಒಡೆಯೋದು."

ಲಕೋಟೆಯಂತೆ! ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಒಂದು ಮಂಚದಲ್ಲಿ ಒಬ್ಬರು ಅರಳುತ್ತಿದ್ದಾರೆ, ಇನ್ನೊಂದರಲ್ಲಿ ಒಬ್ಬಳು ಬಾಡುತ್ತಿದ್ದಾಳೆ. ಔಷಧ ಯಾರ ಪಾಲಾಗಿದೆ ಎಂದು ಹೇಳಲು ಡಾಕ್ಟರೇ ಆಗಬೇಕಿಲ್ಲ.

ಸೀಸೆಗಳನ್ನು ಮಂಗಳವಾರ ಮಧ್ಯಾಹ್ನ ರಸ್ತೆ ದಾಟಿಸಿ ಒಪ್ಪಿಸುವವನು ಅವನೇ ಆಗಿದ್ದ. ಇಪ್ಪತ್ತೂ ಒಂದೇ ಅಳತೆ, ಒಳಗಿನ ದ್ರವವೂ ನೋಡಲು ಒಂದೇ. ಮೇಲೆ ರೋಗಿಯ ಸಂಖ್ಯೆಯ ಚೀಟಿ, ಅಷ್ಟೇ ವ್ಯತ್ಯಾಸ. ಹೆಂಡತಿಯದು ಹದಿನಾಲ್ಕು. ಟೀಚರಮ್ಮನದು ಒಂಬತ್ತು, ಅವರ ಮಂಚಕ್ಕೆ ನೇತುಹಾಕಿದ ಕಾಗದದಲ್ಲೇ ಬರೆದಿತ್ತು.

ಏಳನೇ ವಾರ ಅವನು ಪೆಟ್ಟಿಗೆಯನ್ನು ಮೊದಲು ಹಾವಿನ ಕೋಣೆಗೆ ಒಯ್ದ. ಆ ಕೋಣೆಗೆ ಬೀಗವೇ ಬೇಕಿರಲಿಲ್ಲ. ದೊಡ್ಡ ಸಾಹೇಬರೂ ಹೊಸಿಲಾಚೆ ನಿಂತೇ ಮಾತಾಡಿ ಹೋಗುತ್ತಿದ್ದರು. ಬೆಚ್ಚನೆಯ ಒದ್ದೆಬಟ್ಟೆಯನ್ನು ಚೀಟಿಯ ಮೇಲೆ ಒತ್ತಿ ಹಿಡಿದ. ಹಾವಿನ ಕಣ್ಣಿಗೆ ಅಂಟಿದ ಪೊರೆ ಬಿಡಿಸುವ ಚಿಮಟದಿಂದ ಅಂಚು ಎತ್ತಿದ. ಅಂಟು ಸದ್ದಿಲ್ಲದೆ ಬಿಟ್ಟಿತು. ಒಂಬತ್ತು ಹದಿನಾಲ್ಕಾಯಿತು, ಹದಿನಾಲ್ಕು ಒಂಬತ್ತಾಯಿತು. ಆರೇ ನಿಮಿಷ. ಕೈ ನಡುಗಲಿಲ್ಲ, ನಡುಗುವ ಕೈ ಆ ಕಸುಬಿನಲ್ಲಿ ಬಹಳ ದಿನ ಬಾಳುವುದಿಲ್ಲ.

ಮಾರನೆಯ ಬೆಳಿಗ್ಗೆ ಹೆಂಡತಿ ತಾನಾಗಿಯೇ ಎದ್ದು ಕೂತಳು.

"ರೀ, ಹಸಿವಾಗ್ತಿದೆ."

ಅವನು ಆಸ್ಪತ್ರೆಯ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತ.

ಅಲ್ಲಿಂದ ಮುಂದೆ ಯಾವ ವಾರವನ್ನೂ ತಪ್ಪಿಸಲಿಲ್ಲ. ಅವಳ ಕೆನ್ನೆ ತುಂಬಿಕೊಂಡಿತು, ಜಗಳ ಆಡುವಷ್ಟು ಜೀವ ಬಂತು. ಅತ್ತ ಟೀಚರಮ್ಮ ಮಲಗಿದರು. ಬೇಸಿನ್ ಹಿಡಿದು ಅವರ ಬೆನ್ನು ನೀವುತ್ತಿದ್ದವಳು ಅವನ ಹೆಂಡತಿಯೇ.

"ಪಾಪ, ಎಷ್ಟು ಚೆನ್ನಾಗಿದ್ರು, ಏನಾಯ್ತೋ ನೋಡ್ರೀ."

"ಎಲ್ಲೋ ಲೆಕ್ಕ ತಪ್ಪಿದೆ ಬುಸ್ಸಣ್ಣ," ಎಂದರು ಟೀಚರಮ್ಮ, ಬಾಯಿ ಒರೆಸಿಕೊಂಡು.

ಅವನು ಕಿಟಕಿಯ ಕಡೆ ತಿರುಗಿದ. ಅವರಿಗೆ ಆರು ವಾರ ಸಿಕ್ಕಿತ್ತು, ಈಗ ಇವಳ ಸರದಿ. ರಾತ್ರಿ ನಿದ್ದೆ ಬರದಿದ್ದಾಗ ಅದನ್ನೇ ಹೇಳಿಕೊಳ್ಳುತ್ತಿದ್ದ. ಬಹುತೇಕ ಸಲ ನಿದ್ದೆ ಬರುತ್ತಿತ್ತು.

ಹನ್ನೆರಡನೇ ವಾರ ಮುಗಿದ ಮೇಲೆ ಡಾಕ್ಟರಮ್ಮ ಅವನೊಬ್ಬನನ್ನೇ ಕರೆಸಿದರು. ಬೆಳಕಿನ ಹಲಗೆಯ ಮೇಲೆ ಸ್ಕ್ಯಾನ್ ಚಿತ್ರಗಳಿದ್ದವು. ಒಡೆದ ಲಕೋಟೆ ಮೇಜಿನ ಮೇಲಿತ್ತು. ಅವನು ಕೈಮುಗಿಯಲು ತಯಾರಾಗಿಯೇ ಒಳಗೆ ಬಂದಿದ್ದ.

"ಆರನೇ ವಾರದ ಚಿತ್ರಾನೂ ಲಕೋಟೆ ಒಡೆದ ಮೇಲೇ ನೋಡಿದ್ದು. ಆಗ ನಿಮ್ಮ ಮನೆಯವರ ಗಡ್ಡೆ ಅರ್ಧಕ್ಕರ್ಧ ಕರಗಿತ್ತು ಅಣ್ಣ," ಎಂದರು ಡಾಕ್ಟರಮ್ಮ. "ಆಮೇಲೆ ಏನಾಯ್ತೋ, ಈಗ ಲಿವರ್‌ಗೂ ಹಬ್ಬಿದೆ. ಇನ್ನು ಈ ಔಷಧ ಕೊಡೋ ಹಾಗೂ ಇಲ್ಲ. ಟೀಚರಮ್ಮನ ಗಡ್ಡೆ ಕರಗ್ತಾ ಬಂದಿದೆ. ಪಟ್ಟಿ ನೋಡಿದ್ರೆ ಅವರದು ಉಪ್ಪುನೀರು, ಔಷಧ ನಿಮ್ಮ ಮನೆಯವರದು. ಇಬ್ಬರ ರಕ್ತಾನೂ ಪರೀಕ್ಷೆಗೆ ಕಳಿಸಿದ್ವಿ, ಪೊಲೀಸರಿಗೂ ಹೇಳಿದ್ದೀವಿ. ಸೀಸೆ ನಿಮ್ಮ ಕೈ ಬಿಟ್ಟು ಬೇರೆ ಯಾರ ಕೈಗಾದ್ರೂ ಹೋಗಿತ್ತಾ?"

ಡಾಕ್ಟರಮ್ಮ ಪಟ್ಟಿಯ ಮೇಲೆ ಬೆರಳಾಡಿಸುತ್ತಾ, ಔಷಧ ಹೋದ ಉಳಿದ ಒಂಬತ್ತು ಮಂದಿಯೂ ಪ್ರತಿ ಸಲ ಎರಡು ದಿನ ವಾಂತಿ ಮಾಡಿಕೊಂಡಿದ್ದರು, ಉಪ್ಪುನೀರಿನವರೇ ಆರಾಮಾಗಿ ಉಂಡುಕೊಂಡಿದ್ದದ್ದು ಎಂದು ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. ಅವನು ತನ್ನ ಬಲಗೈ ಹೆಬ್ಬೆರಳ ಬುಡದ ಹಳೆಯ ಕಲೆಗಳನ್ನೇ ನೋಡುತ್ತಾ ಕೂತ. ಮೂರು ಸಲ ಹಾವಿನಿಂದ ಕಚ್ಚಿಸಿಕೊಂಡವನು ಅವನು. ಮೂರು ಸಲವೂ, ವಿಷ ಮೈಗೆ ಹತ್ತಿದೆ ಎಂದು ಅವನಿಗೆ ಮೊದಲು ಗೊತ್ತಾದದ್ದು ವಾಂತಿಯಿಂದಲೇ.